ಒಂದೇ ಪದ, ಎರಡು ಕೆಲಸ

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ‘ವಾಟರ್’ ನಾಮಪದ ಅಂತ ಕಲಿತಿದ್ದೆ. ಮೊನ್ನೆ ಒಂದು ಮಾದರಿ ಪ್ರಶ್ನೆಪತ್ರಿಕೆಯಲ್ಲಿ ಅದನ್ನು ಕ್ರಿಯಾಪದ ಅಂತ ತೋರಿಸಿದ್ದರು. ಹೀಗೆ ಎರಡೂ ಆಗುವ ಪದಗಳ ಪಟ್ಟಿ ಇದ್ದರೆ ಕೊಡಿ, ಬಾಯಿಪಾಠ ಮಾಡುತ್ತೇನೆ.
– ಓದುಗಿ, ಹಾವೇರಿ

ಉತ್ತರ: ಪಟ್ಟಿ ಬೇಡ ಕಣಮ್ಮ, ಅದು ಮುಗಿಯುವಂಥದ್ದಲ್ಲ. ಮೊದಲು ನಮ್ಮ ಮನೆಯ ಮಾತನ್ನೇ ಕೇಳಿಸಿಕೊಳ್ಳಿ. ‘ಮಗುವಿಗೆ ಕೆಮ್ಮು’ ಅನ್ನುತ್ತೇವೆ. ‘ಜೋರಾಗಿ ಕೆಮ್ಮು, ಕಫ ಬರಲಿ’ ಅಂತಲೂ ಅನ್ನುತ್ತೇವೆ. ಹಾಡು, ನಗು, ಅಳು, ಕೂಗು, ಬೆವರು, ಗುಡುಗು ಎಲ್ಲವೂ ಹೀಗೇ. ಇವುಗಳ ಪಟ್ಟಿಯನ್ನು ನೀವು ಯಾವತ್ತೂ ಬಾಯಿಪಾಠ ಮಾಡಲಿಲ್ಲ, ಅಲ್ವಾ?

ಕನ್ನಡದಲ್ಲಿ ಪದದ ಬಾಲ ಗುಟ್ಟು ಬಿಟ್ಟುಕೊಡುತ್ತದೆ. ‘ಕೆಮ್ಮಿದ’ ಅಂದರೆ ಕ್ರಿಯೆ, ‘ಕೆಮ್ಮಿಗೆ ಔಷಧಿ’ ಅಂದರೆ ನಾಮ. ಇಂಗ್ಲಿಷ್‌ಗೂ ಹಿಂದೆ ಇಂಥ ಬಾಲಗಳಿದ್ದವು. ಸಾವಿರ ವರ್ಷದ ಹಿಂದೆ ಪ್ರೀತಿಗೆ ‘ಲುವು’, ಪ್ರೀತಿಸುವುದಕ್ಕೆ ‘ಲುವಿಯನ್’ ಅನ್ನುತ್ತಿದ್ದರು. ಕೆಲವು ನೂರು ವರ್ಷಗಳಲ್ಲಿ ಬಾಲಗಳು ಸವೆದು ಎರಡೂ ‘ಲವ್’ ಆದವು. ಈಗ ಪದ ಕೂತಿರುವ ಜಾಗವೇ ಅದರ ಕೆಲಸ ಹೇಳಬೇಕು. ‘ದ’, ‘ಎ’, ‘ಮೈ’ ಮುಂದೆ ಬಂದರೆ ಸಾಮಾನ್ಯವಾಗಿ ನಾಮಪದ: ‘ದ ವಾಟರ್ ಈಸ್ ಕೋಲ್ಡ್’. ‘ಶಿ’, ‘ವಿಲ್’, ‘ಕ್ಯಾನ್’ ಆದಮೇಲೆ ಬಂದರೆ ಕ್ರಿಯಾಪದ: ‘ಶಿ ವಾಟರ್ಸ್ ದ ಪ್ಲಾಂಟ್ಸ್’.

‘ಟು’ ಒಂದನ್ನೇ ನಂಬಬೇಡಿ, ಪರೀಕ್ಷೆಯಲ್ಲಿ ತುಂಬಾ ಮಕ್ಕಳು ಬೀಳುವುದು ಅಲ್ಲೇ. ‘ಐ ವಾಂಟ್ ಟು ವರ್ಕ್’ ಇದರಲ್ಲಿ ‘ವರ್ಕ್’ ಕ್ರಿಯೆ. ‘ಐ ವಾಕ್ ಟು ವರ್ಕ್’ ಇದರಲ್ಲಿ ನಾಮ. ಅನುಮಾನ ಬಂದರೆ ನಡುವೆ ‘ಮೈ’ ಸೇರಿಸಿ ನೋಡಿ. ಎರಡನೆಯದರಲ್ಲಿ ಹೊಂದುತ್ತದೆ, ಮೊದಲನೆಯದರಲ್ಲಿ ಹೊಂದುವುದಿಲ್ಲ.

ನಾನು ಪ್ರೌಢಶಾಲೆಯಲ್ಲಿ ಪಾಠ ಶುರು ಮಾಡಿದ ಮೂರನೇ ವರ್ಷ. ಒಬ್ಬ ಹುಡುಗ ತನ್ನ ಅಜ್ಜನ ಮೇಲೆ ಪ್ರಬಂಧ ಬರೆದಿದ್ದ. ‘ಮೈ ಗ್ರಾಂಡ್‌ಫಾದರ್ ಶೋಲ್ಡರ್ಡ್ ದ ಪ್ಲೋ’ ಅನ್ನೋ ವಾಕ್ಯ. ಅಜ್ಜ ನೇಗಿಲನ್ನು ಹೆಗಲಿಗೇರಿಸಿದ ಅಂತ. ‘ಶೋಲ್ಡರ್’ ನಾಮಪದ ಅಂದುಕೊಂಡು ಕೆಂಪು ಮಸಿಯಲ್ಲಿ ಹೊಡೆದು ಹಾಕಿದೆ. ಹುಡುಗ ಏನೂ ಹೇಳಲಿಲ್ಲ, ಪುಸ್ತಕ ಮಡಚಿಟ್ಟುಕೊಂಡ. ಆ ರಾತ್ರಿ ನಿಘಂಟು ತೆಗೆದರೆ ಅವನೇ ಸರಿ. ಮರುದಿನ ತರಗತಿಯ ಎದುರೇ ತಪ್ಪು ನನ್ನದು ಎಂದು ಹೇಳಿ ಅಂಕ ವಾಪಸ್ ಕೊಟ್ಟೆ. ಹ್ಯಾಂಡ್, ಹೆಡ್, ಐ, ಫೇಸ್, ಎಲ್ಬೋ, ಬ್ಯಾಕ್: ಮೈಯ ಎಷ್ಟೊಂದು ಭಾಗಗಳನ್ನು ಇಂಗ್ಲಿಷ್ ಕ್ರಿಯೆ ಮಾಡಿಕೊಂಡಿದೆ ಅಂತ ನನಗೆ ಕಲಿಸಿದ್ದು ಆ ಹುಡುಗ.

ಪ್ರಶ್ನೆ: ‘ರೆಕಾರ್ಡ್’ ಅನ್ನುವುದು ಸರಿಯೋ, ‘ರಿಕಾರ್ಡ್’ ಅನ್ನುವುದೋ?
– ಓದುಗ, ಮಂಡ್ಯ

ಉತ್ತರ: ಎರಡೂ ಸರಿ, ಆದರೆ ಕೆಲಸ ಬೇರೆ. ದಾಖಲೆ ಎಂಬ ನಾಮಪದವಾದರೆ ಒತ್ತು ಮೊದಲ ಭಾಗದ ಮೇಲೆ: ‘ರೆ’ ಜೋರು. ದಾಖಲಿಸು ಎಂಬ ಕ್ರಿಯೆಯಾದರೆ ಒತ್ತು ಎರಡನೆಯದರ ಮೇಲೆ: ‘ಕಾರ್ಡ್’ ಜೋರು, ಮೊದಲಿನದು ತೆಳುವಾಗಿ ‘ರಿ’. ಉಡುಗೊರೆ ‘ಪ್ರೆಜಂಟ್’, ಒಪ್ಪಿಸುವುದು ‘ಪ್ರಿಜೆಂಟ್’. ಆಬ್ಜೆಕ್ಟ್, ಪರ್ಮಿಟ್, ರೆಬೆಲ್, ಇಂಪೋರ್ಟ್ ಇದೇ ದಾರಿ. ಎಲ್ಲ ಪದಗಳೂ ಅಲ್ಲ. ‘ಆನ್ಸರ್’, ‘ಪ್ರಾಮಿಸ್’, ‘ರಿಪೋರ್ಟ್’ ಏನಾದರೂ ಒತ್ತು ಬದಲಾಗುವುದಿಲ್ಲ.

ಪೀಟರ್ ಲೆವಿನ್ಸ್ ಎಂಬಾತ 1570ರಲ್ಲಿ ಪ್ರಾಸದ ಪ್ರಕಾರ ಜೋಡಿಸಿದ ಒಂದು ಪದಕೋಶ ತಂದ. ಅದರಲ್ಲಿ ಹೀಗೆ ಒತ್ತು ಬದಲಿಸುವ ಜೋಡಿಗಳು ಮೂರೇ: ಔಟ್‌ಲಾ, ರೆಬೆಲ್, ರೆಕಾರ್ಡ್. ಉಳಿದವು ಆಮೇಲೆ ಒಂದೊಂದಾಗಿ ಸೇರಿಕೊಂಡವು. ನನಗೆ ಇದು ತುಂಬಾ ಇಷ್ಟ, ಯಾಕಂದರೆ ನಮ್ಮಲ್ಲೂ ಇಂಥದ್ದೇ ಉಪಾಯ ಉಂಟು. ಕೆಡು – ಕೇಡು. ಪಡು – ಪಾಡು. ಸ್ವರ ಉದ್ದವಾದರೆ ಕ್ರಿಯೆ ನಾಮವಾಯಿತು. ಅವರು ಒತ್ತಿನಿಂದ ಮಾಡುವುದನ್ನು ನಮ್ಮ ಹಿರಿಯರು ದೀರ್ಘದಿಂದ ಮಾಡಿದರು.

ಪ್ರಶ್ನೆ: ‘ಅಡ್ವೈಸ್’ ಬರೆಯುವಾಗ ಕೊನೆಗೆ ‘ಸಿ’ ಹಾಕಬೇಕಾ, ‘ಎಸ್’ ಹಾಕಬೇಕಾ?
– ಓದುಗ, ರಾಯಚೂರು

ಉತ್ತರ: ಸಲಹೆಗೆ ‘ಸಿ’, ಸಲಹೆ ಕೊಡುವುದಕ್ಕೆ ‘ಎಸ್’. ಈ ‘ಎಸ್’ ಅನ್ನು ‘ಜ಼್’ ಥರ ಗುಂಯ್‌ಗುಡಿಸಿ. ‘ಪ್ರಾಕ್ಟಿಸ್’ಗೂ ಬ್ರಿಟಿಷ್ ಬರವಣಿಗೆಯಲ್ಲಿ ಇದೇ ನಿಯಮ, ಆದರೆ ಉಚ್ಚಾರ ಮಾತ್ರ ಎರಡಕ್ಕೂ ಒಂದೇ. ಅಮೆರಿಕದವರು ಅದನ್ನು ಎರಡು ಕಡೆಯೂ ‘ಸಿ’ ಹಾಕಿಯೇ ಬರೆಯುತ್ತಾರೆ.

ಪ್ರಶ್ನೆ: ‘ಡಸ್ಟ್’ ಅಂದರೆ ಧೂಳು ಒರೆಸುವುದು. ಕೇಕ್ ಮಾಡುವ ವಿಧಾನದಲ್ಲಿ ‘ಡಸ್ಟ್ ವಿತ್ ಶುಗರ್’ ಅಂತ ಇತ್ತು. ಒರೆಸಬೇಕಾ?
– ಓದುಗಿ, ಶಿವಮೊಗ್ಗ

ಉತ್ತರ: ಒರೆಸಬೇಡಿ, ಮೇಲೆ ಉದುರಿಸಿ! ವಸ್ತುವಿನ ಹೆಸರು ಕ್ರಿಯೆಯಾದಾಗ ಅದನ್ನು ಹಾಕುವುದೋ ತೆಗೆಯುವುದೋ ಅಂತ ಪದ ಹೇಳುವುದಿಲ್ಲ. ‘ಬಟರ್’ ಅಂದರೆ ಬೆಣ್ಣೆ ಸವರು, ‘ಸ್ಕಿನ್’ ಅಂದರೆ ಸಿಪ್ಪೆ ಸುಲಿ. ‘ಡಸ್ಟ್’ ಎರಡೂ ಹೌದು. ‘ಸೀಡ್’ ಕೂಡ ಹಾಗೇ: ಹೊಲಕ್ಕಾದರೆ ಬಿತ್ತು, ಹಣ್ಣಿಗಾದರೆ ಬೀಜ ತೆಗೆ.

ಪ್ರಶ್ನೆ: ಕಚೇರಿಯಲ್ಲಿ ‘ಐ ಡಿಡ್ ಫೋನ್ ಟು ಹಿಮ್’ ಅಂದೆ. ಸಹೋದ್ಯೋಗಿ ತಿದ್ದಿದರು. ಏನು ತಪ್ಪು?
– ಓದುಗ, ಬೆಂಗಳೂರು

ಉತ್ತರ: ನಾಚಿಕೆ ಪಡಬೇಡಿ. ಇಂಗ್ಲಿಷ್ ಪದ ಕನ್ನಡಕ್ಕೆ ಬಂದರೆ ನಾವು ಅದನ್ನು ಹೆಸರಾಗಿಯೇ ಇಟ್ಟುಕೊಂಡು ‘ಮಾಡು’ ಸೇರಿಸುತ್ತೇವೆ: ಫೋನ್ ಮಾಡು, ಮೇಲ್ ಮಾಡು, ಬುಕ್ ಮಾಡು. ಆ ‘ಮಾಡು’ ನಿಮ್ಮ ಜೊತೆ ಇಂಗ್ಲಿಷ್‌ಗೂ ಹೋಗಿದೆ, ಅಷ್ಟೇ. ಅಲ್ಲಿ ಅದನ್ನು ಬಿಟ್ಟುಬಿಡಿ, ಜೊತೆಗೆ ‘ಟು’ ಕೂಡ ಬಿಡಿ. ‘ಐ ಫೋನ್ಡ್ ಹಿಮ್’, ‘ಐ ಮೇಲ್ಡ್ ಹರ್’. ಒಂದು ಕಂಪನಿಯ ಹೆಸರಾಗಿದ್ದ ‘ಗೂಗಲ್’ ಕೂಡ ಹೀಗೆ ಕ್ರಿಯೆಯಾಗಿ 2006ರಲ್ಲಿ ಆಕ್ಸ್‌ಫರ್ಡ್ ನಿಘಂಟು ಸೇರಿತು. ನಾಳೆ ಕಚೇರಿಯಲ್ಲಿ ‘ಐ ಗೂಗಲ್ಡ್ ಇಟ್’ ಅಂತ ಧೈರ್ಯವಾಗಿ ಹೇಳಿ.