‘ಚೆನ್ನಾಗಿದೆ’ ಅಂತ ಬರೆದರೆ ಸಾಲದು, ಟೆಸ್ಟ್ ಕೇಸ್ ಬರೆಸಿ

ಪ್ರಶ್ನೆ: ಮಂಡ್ಯದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಪಾಠ ಮಾಡುತ್ತೇನೆ. ಊರಿನ ಹಾಲಿನ ಡೇರಿಗೆ ಸಾಫ್ಟ್‌ವೇರ್ ಬೇಕು ಅಂತ ಹೇಳಿ ವಿದ್ಯಾರ್ಥಿಗಳಿಂದ ಎಸ್‌ಆರ್‌ಎಸ್ (ಸಾಫ್ಟ್‌ವೇರ್ ಏನೇನು ಮಾಡಬೇಕು ಎಂದು ಹೇಳುವ ದಾಖಲೆ) ಬರೆಸಿದೆ. ಒಬ್ಬರದನ್ನು ಇನ್ನೊಬ್ಬರಿಗೆ ಓದಲು ಕೊಟ್ಟರೆ ಎಲ್ಲರೂ ‘ಚೆನ್ನಾಗಿದೆ’ ಎಂದು ಬರೆದು ಹತ್ತಕ್ಕೆ ಒಂಬತ್ತು ಕೊಟ್ಟಿದ್ದಾರೆ. ಇದನ್ನು ಮುಂದುವರಿಸಲೇ?

ಉತ್ತರ: ಮುಂದುವರಿಸಿ. ಆದರೆ ಅಂಕ ಕೊಡುವ ಕೆಲಸವನ್ನು ಅವರ ಕೈಯಿಂದ ತೆಗೆದುಬಿಡಿ. ಗೆಳೆಯನ ಮಾರ್ಕ್ಸ್ ಕಡಿಮೆ ಮಾಡೋಕೆ ಯಾರಿಗೆ ಮನಸ್ಸು ಬರುತ್ತೆ? ಐಬಿಎಂನ ಮೈಕೆಲ್ ಫೇಗನ್ 1976ರಲ್ಲಿ ಸಾಫ್ಟ್‌ವೇರ್ ವಿನ್ಯಾಸ, ಕೋಡ್‌ಗಳನ್ನು ಓದಿ ತಪ್ಪು ಹುಡುಕುವ ತಮ್ಮ ತಪಾಸಣಾ ಕ್ರಮವನ್ನು ಪ್ರಕಟಿಸಿದಾಗಲೇ, ಸಿಕ್ಕ ತಪ್ಪುಗಳನ್ನು ಹಿಡಿದು ಬರೆದವರ ಸಾಮರ್ಥ್ಯ ಅಳೆಯಬೇಡಿ ಎಂದು ಎಚ್ಚರಿಸಿದ್ದರು.

ಓದುವವರ ಅಭಿಪ್ರಾಯ ಕೇಳಬೇಡಿ, ಕೆಲಸ ಕೊಡಿ. ಆ ಎಸ್‌ಆರ್‌ಎಸ್ ಓದಿ ಐದು ಟೆಸ್ಟ್ ಕೇಸ್ ಬರೆಯಲಿ: ಇನ್‌ಪುಟ್ ಏನು, ಬರಬೇಕಾದ ಉತ್ತರ ಏನು. ಒಂದೇ ಪ್ರತಿಯನ್ನು ಮೂವರಿಗೆ ಕೊಡಿ, ಪರಸ್ಪರ ಮಾತಾಡಿಕೊಳ್ಳದೆ ಬರೆಯಲಿ.

‘ಫ್ಯಾಟ್ ಕಡಿಮೆ ಇದ್ದರೆ ಹಾಲು ತೆಗೆದುಕೊಳ್ಳಬಾರದು’ ಎಂಬ ಸಾಲು ಇದೆ ಅನ್ನಿ. ಒಬ್ಬಳು 3.5 ಇದ್ದರೆ ಹಾಲು ತೆಗೆದುಕೊಳ್ಳುತ್ತಾಳೆ. ಇನ್ನೊಬ್ಬ 3.5 ಇದ್ದರೂ ವಾಪಸ್ ಕಳಿಸುತ್ತಾನೆ. ಮೂರನೆಯವನಿಗೆ ಎಮ್ಮೆ ಹಾಲಿಗೂ ಇದೇ ಲೆಕ್ಕನಾ ಅನ್ನೋ ಅನುಮಾನ. ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಬಗ್ಗೆ ಮಾತೇ ಇಲ್ಲ. ಬೆಳಿಗ್ಗೆ ಕರೆಂಟ್ ಹೋಗಿ ಮೆಷಿನ್ ನಿಂತರೆ ಸಾಲಿನಲ್ಲಿ ಕ್ಯಾನ್ ಹಿಡಿದು ನಿಂತವರ ಲೆಕ್ಕ ಹೇಗೆ? ಅದೂ ಇಲ್ಲ. ನೀವು ಕೆಂಪು ಇಂಕಿನಲ್ಲಿ ‘ಅಸ್ಪಷ್ಟ’ ಅಂತ ಬರೆದರೆ ಹುಡುಗರು ವಾದ ಮಾಡುತ್ತಾರೆ. ಜೊತೆಯವರೇ ಒಂದು ಸಾಲನ್ನು ಮೂರು ಥರ ಅರ್ಥ ಮಾಡಿಕೊಂಡಿದ್ದು ಕಣ್ಣೆದುರೇ ಇದ್ದಾಗ ವಾದಕ್ಕೆ ಜಾಗ ಇರಲ್ಲ. ನನ್ನ ಪ್ರಕಾರ ಈ ಪಾಠದಲ್ಲಿ ಇದಕ್ಕಿಂತ ಬೆಲೆಬಾಳುವ ಗಳಿಗೆ ಇನ್ನೊಂದಿಲ್ಲ.

ಬರೆದವರು ಪಕ್ಕದಲ್ಲಿ ನಿಂತು ವಿವರಿಸಲು ಮಾತ್ರ ಬಿಡಬೇಡಿ. ನಾಳೆ ಕೋಡ್ ಬರೆಯುವವರ ಪಕ್ಕ ಅವರು ಇರಲ್ಲ, ಅಲ್ವಾ?

ಇನ್ನು, ತಲೆಬರಹ ಎಲ್ಲಾ ಇದೆಯಾ ಅಂತ ಹುಡುಕುವ ಕೆಲಸ ಹುಡುಗರಿಗೆ ಬೇಡ. ಅದನ್ನು ನೀವೇ ಸುಮ್ನೆ ಕಣ್ಣಾಡಿಸಿ ನೋಡಬಹುದು. ಅವರು ತುಂಬಿರುವುದು ಎಸ್‌ಆರ್‌ಎಸ್ ಬರೆಯಲು ಇದ್ದ ಹಳೆಯ ಮಾನದಂಡ ಐಇಇಇ 830ರ 1998ರ ನಮೂನೆಯಾಗಿದ್ದರೆ, ಅದರ ಜಾಗಕ್ಕೆ 29148 ಎಂಬ ಮಾನದಂಡ ಬಂದಿದೆ, ಅದರ 2018ರ ಆವೃತ್ತಿಯನ್ನು ತೋರಿಸಿ.

ಅಂಕ ನೀವೇ ಕೊಡಿ, ಎರಡು ಕಡೆ. ಓದಿದವರಿಗೆ ಅವರ ಟೆಸ್ಟ್ ಕೇಸ್‌ಗಳ ಮೇಲೆ. ಬರೆದವರಿಗೆ ತಿದ್ದಿದ ಎರಡನೇ ಪ್ರತಿಯ ಮೇಲೆ. ಯಾವ ಮಾತು ಒಪ್ಪಿದೆ, ಯಾವುದು ಒಪ್ಪಲಿಲ್ಲ, ಯಾಕೆ ಅಂತ ಅದರ ಜೊತೆ ಒಂದೊಂದು ಸಾಲು ಇರಲಿ. ಕ್ಲಾಸ್‌ನಲ್ಲಿ ಹುಡುಗರು ಜಾಸ್ತಿ ಇದ್ದರೆ ಪೂರ್ತಿ ಎಸ್‌ಆರ್‌ಎಸ್ ಬೇಡ. ಹಾಲು ಅಳೆದು ರಸೀದಿ ಕೊಡುವ ಒಂದು ಪುಟದ ಭಾಗ ಸಾಕು.