ಕನ್ಯಾ ನೋಡಲು ಬಂದವರ ಮುಂದೆ ಬರ್ಲೆಸ್ಕ್

ಹುಬ್ಬಳ್ಳಿ ಕೇಶ್ವಾಪುರದ ಓದುಗರೊಬ್ಬರು ಬರೆದ ಪತ್ರದ ಸಾರ ಇದು: "ಲಂಡನ್ನಿನಲ್ಲಿ ಓದುವಾಗ ಬರ್ಲೆಸ್ಕ್ ಕಲಿತೆ, ಅಂದರೆ ಚೇಷ್ಟೆ ಮಾಡುತ್ತಾ ಕೈಗವಸಿನಂಥ ಒಂದೊಂದೇ ಉಡುಪು ನಿಧಾನಕ್ಕೆ ಕಳಚುವ ವೇದಿಕೆ ಕುಣಿತ. ಹವ್ಯಾಸಿಗಳ ಕಾರ್ಯಕ್ರಮಗಳಲ್ಲಿ ಕುಣಿದೆ. ಈಗ ಊರಲ್ಲೇ ನೌಕರಿ. ರೂಮಿನ ಬಾಗಿಲು ಹಾಕಿಕೊಂಡು ಪ್ರಾಕ್ಟೀಸ್ ಮಾಡುತ್ತೇನೆ. ವಿಡಿಯೋ ನೋಡಿದರೆ ಅಮೆರಿಕದ ಹೆಸರಾಂತ ಬರ್ಲೆಸ್ಕ್ ಕಲಾವಿದೆ ಡೀಟಾ ವಾನ್ ಟೀಸ್ ಅವರ ನಕಲಿನಂತೆ ಕಾಣುತ್ತೇನೆ. ಕೈಗವಸಿನ ಬದಲು ಬಳೆ ತೆಗೆದರೆ ನಮ್ಮದು ಅನ್ನಿಸೀತೇ? ನನ್ನದೇ ಶೈಲಿ ಎಲ್ಲಿ ಹುಡುಕಲಿ? ಅವ್ವನಿಗೆ ಹೇಗೆ ಹೇಳಲಿ?"

ಪ್ರೀತಿಯ ತಂಗಿ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ.

ಮೊದಲು ಬಳೆಯ ಮಾತು. ದಯವಿಟ್ಟು ಬೇಡ. ಲಂಡನ್ನಿನವರಿಗೆ ಕೈಗವಸು ಬರೀ ಕೈಗವಸು. ನಮ್ಮಲ್ಲಿ ಹೆಣ್ಣುಮಗಳೊಬ್ಬಳು ಎಲ್ಲರೆದುರು ಹಸಿರು ಬಳೆ ತೆಗೆದರೆ ನೋಡುವವರ ಕರುಳು ಚುರ್ ಎನ್ನುತ್ತದೆ. ಗಂಡ ಸತ್ತಾಗ ಬಳೆ ಒಡೆಯುವುದನ್ನು ಕಂಡ ಹೆಂಗಸರು ಅಲ್ಲಿ ಕೂತಿರುತ್ತಾರೆ. ಅವರಿಗೆ ನಗು ಬರುವುದಿಲ್ಲ. ಅಲ್ಲಿಯ ಸಾಮಾನು ತೆಗೆದು ಇಲ್ಲಿಯದು ಇಟ್ಟರೆ ಶೈಲಿ ಆಗುವುದಿಲ್ಲ. ನೀವು ಯಾರನ್ನು ಅಣಕಿಸುತ್ತೀರಿ, ಶೈಲಿ ಅಲ್ಲಿಂದ ಶುರುವಾಗುತ್ತದೆ.

ಬರ್ಲೆಸ್ಕ್ ಹುಟ್ಟಿದ್ದೇ ಅಣಕದಲ್ಲಿ. ನಟಿ ಲಿಡಿಯಾ ಥಾಂಪ್ಸನ್ 1868ರಲ್ಲಿ ಲಂಡನ್ನಿನಿಂದ ನ್ಯೂಯಾರ್ಕಿಗೆ ತಂಡ ಕಟ್ಟಿಕೊಂಡು ಹೋದರು. ಹೆಂಗಸರೇ ಗಂಡಸರ ಪಾತ್ರ ಹಾಕಿ ಗ್ರೀಕ್ ಪುರಾಣದ ದೇವರುಗಳನ್ನು ಗೇಲಿ ಮಾಡಿದರು. ಬಟ್ಟೆ ಕಳಚುವುದು ಮುಖ್ಯವಾದದ್ದು ಎಷ್ಟೋ ವರ್ಷಗಳ ನಂತರ. ಆಗಲೂ ಜಿಪ್ಸಿ ರೋಸ್ ಲೀ ಒಂದು ಕೈಗವಸು ತೆಗೆಯುತ್ತಾ ಜನರನ್ನು ಮಾತಿನಲ್ಲೇ ಕೂರಿಸಿಬಿಡುತ್ತಿದ್ದರು. ಸ್ಯಾಲಿ ರ‍್ಯಾಂಡ್ 1933ರ ಶಿಕಾಗೋ ವಿಶ್ವಮೇಳದಲ್ಲಿ ಗರಿಯ ಬೀಸಣಿಗೆ ಹಿಡಿದು ಕುಣಿದರು. ತೋರಿಸಿದ್ದಕ್ಕಿಂತ ಮುಚ್ಚಿದ್ದೇ ಜಾಸ್ತಿ. ಡೀಟಾ ಅವರು ಹಳೆಯ ಹಾಲಿವುಡ್ ಸಿನಿಮಾಗಳನ್ನು ಚಿಕ್ಕಂದಿನಿಂದ ಪ್ರೀತಿಸಿದವರು. ಅವರು ವೇದಿಕೆ ಮೇಲೆ ಇಳಿದು ಕುಣಿಯುವ ಆ ದೊಡ್ಡ ಮಾರ್ಟೀನಿ ಗ್ಲಾಸು ಅವರಿಗೆ ಒಪ್ಪುವುದು ಅದಕ್ಕೇ. ನೀವು ಚಿಕ್ಕಂದಿನಿಂದ ಏನು ನೋಡಿ ನಕ್ಕಿರಿ, ಏನು ನೋಡಿ ಸಿಟ್ಟಾದಿರಿ?

ನಮ್ಮ ಸೀಮೆಯ ಬಯಲಾಟ ಕೃಷ್ಣ ಪಾರಿಜಾತ ನೋಡಿದ್ದೀರಾ? ನೋಡಿಲ್ಲದಿದ್ದರೆ ಮೊದಲು ಹೋಗಿ ನೋಡಿ. ಅದರಲ್ಲಿ ದೂತಿಯ ಪಾತ್ರ ಬರುತ್ತದೆ. ಆಕೆ ಭಾಗವತನ ಜೊತೆ ಮಾತಿಗೆ ಮಾತು ಕೊಡುತ್ತಾಳೆ, ದೇವರ ಸಂಸಾರವನ್ನೇ ಚೇಷ್ಟೆ ಮಾಡುತ್ತಾಳೆ, ಜನ ರಾತ್ರಿಯಿಡೀ ಎದ್ದು ಕೂರುತ್ತಾರೆ. ಈ ಆಟದಲ್ಲಿ ಹೆಸರು ಮಾಡಿದ ಕೌಜಲಗಿ ನಿಂಗಮ್ಮ ಹೆಣ್ಣುಮಗಳೇ ಅಲ್ವಾ. ವೇದಿಕೆ ಮೇಲೆ ಕಣ್ಣಲ್ಲಿ ಕಣ್ಣಿಟ್ಟು ಚೇಷ್ಟೆ ಮಾಡುವ ಹೆಂಗಸು ಈ ನೆಲಕ್ಕೆ ಹೊಸಬಳಲ್ಲ. ಹುಬ್ಬಳ್ಳಿಯ ಹುಡುಗಿ ಎಂದು ನೀವು ಹಿಂಜರಿಯಬೇಕಾಗಿಲ್ಲ.

ನಿಮ್ಮ ಪತ್ರದ ಕೊನೆಗೆ ಒಂದು ಸಾಲು ಬರೆದಿದ್ದೀರಿ: "ಈ ತಿಂಗಳು ಮತ್ತೆ ಕನ್ಯಾ ನೋಡಲು ಬರುವವರಿದ್ದಾರೆ." ನಿಮ್ಮ ಐಟಂ ಅಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಇಳಕಲ್ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು, ಉಪ್ಪಿಟ್ಟು ಚಹಾದ ತಾಟು ಹಿಡಿದು ವೇದಿಕೆಗೆ ಬನ್ನಿ. ತಲೆ ತಗ್ಗಿಸಿ ಕೂತುಕೊಳ್ಳಿ. ಆಮೇಲೆ ನಿಧಾನಕ್ಕೆ ತಲೆ ಎತ್ತಿ, ಎದುರಿನವರನ್ನು ನೀವೇ ನೋಡಲು ಶುರುಮಾಡಿ. ಕಾಲಿನಿಂದ ತಲೆವರೆಗೆ, ಅವರು ನೋಡುವ ಹಾಗೆಯೇ. ನಡೆದು ತೋರಿಸು ಎಂದವರನ್ನು ನಡೆಸಿ. ಹುಡುಗಿಯ ಕೂದಲು ಉದ್ದ ಇದೆಯೋ, ಚೌರಿ ಹಾಕಿದ್ದಾಳೋ ಎಂದು ಜಡೆ ಹಿಡಿದು ನೋಡುತ್ತಿದ್ದ ಕಾಲವಿತ್ತು. ಹಾಗಾದರೆ ಜಡೆಯನ್ನೇ ಬಿಚ್ಚಿ. ಮೊದಲು ಮಲ್ಲಿಗೆ ದಂಡಿ, ಆಮೇಲೆ ಒಂದೊಂದೇ ಎಳೆ. ಸೆರಗು ಭುಜದಿಂದ ಕೆಳಗೆ ಬರಬೇಕೇ ಎಂಬುದನ್ನು ನೀವೇ ತೀರ್ಮಾನಿಸಿ. ಹೆಗಲ ಮೇಲಿನ ಬಟ್ಟೆ ಒಂದಿಂಚು ಸರಿಯದಿದ್ದರೂ ಇದು ಪಕ್ಕಾ ಬರ್ಲೆಸ್ಕ್. ಕೂತ ಹೆಂಗಸರಲ್ಲಿ ಬಹಳಷ್ಟು ಜನ ಆ ಚಾಪೆಯ ಮೇಲೆ ಕೂತು ಎದ್ದವರೇ. ಅವರು ಹೊಟ್ಟೆ ತುಂಬ ನಗುತ್ತಾರೆ.

ಇನ್ನು ಲಯ. ನಕಲು ಮೊದಲು ಕಾಣುವುದು ಅಲ್ಲೇ, ಯಾಕೆಂದರೆ ವಿಡಿಯೋ ಜೊತೆಗೆ ಅದರ ವೇಗವನ್ನೂ ನಾವು ತೆಗೆದುಕೊಂಡುಬಿಡುತ್ತೇವೆ. ಪಕ್ಕದಲ್ಲೇ ಧಾರವಾಡ ಇದೆ. ತಬಲಾ ಬಲ್ಲವರ ಹತ್ತಿರ ವಿಲಂಬಿತ, ಅಂದರೆ ನಿಧಾನದ, ತೀನ್‌ತಾಲ ಬಾರಿಸಿಸಿ, ಹದಿನಾರು ಮಾತ್ರೆಗೆ ಬರೀ ನಡೆಯಿರಿ. ತಿಹಾಯಿಯಲ್ಲಿ ಒಂದೇ ತುಣುಕು ಮೂರು ಸಲ ಬಂದು ಸಮ್‌ಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬೀಳುತ್ತದಲ್ಲ, ಎರಡು ಸಲ ದಂಡಿಗೆ ಕೈ ಹಾಕಿ ಬಿಡಿ, ಮೂರನೆಯದಕ್ಕೆ ಸಮ್ ಮೇಲೆ ತೆಗೆಯಿರಿ. ಆಮೇಲೆ ಧ್ವನಿ ಬಂದ್ ಮಾಡಿ ನಿಮ್ಮ ವಿಡಿಯೋ ನೋಡಿ. ಹಾಡಿಲ್ಲದೆಯೂ ಚೇಷ್ಟೆ ತಿಳಿದರೆ ಆ ನಡಿಗೆ ನಿಮ್ಮದು.

ಸೀರೆಗೆ ಪಿನ್ನು ಬೇಡ, ಚುಚ್ಚುತ್ತದೆ, ಸಮಯಕ್ಕೆ ಬಿಚ್ಚುವುದೂ ಇಲ್ಲ. ಟೇಲರ್ ಹತ್ತಿರ ಟಿಚ್ ಬಟನ್ ಹಾಕಿಸಿ. ಮೊದಲ ಪ್ರದರ್ಶನ ಮನೆಯಲ್ಲಿ ಗೆಳತಿಯರ ಮುಂದೆ ಆಗಲಿ, ಮೊಬೈಲ್‌ಗಳು ಬ್ಯಾಗಿನಲ್ಲಿರಲಿ. ಸಾರ್ವಜನಿಕ ಜಾಗದಲ್ಲಿ ಅಶ್ಲೀಲ ವರ್ತನೆ ಎಂದು ದೂರು ಕೊಡಲು ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಮು ಇದೆ. ಆದ್ದರಿಂದ ದೊಡ್ಡ ವೇದಿಕೆಗೆ ಹೋಗುವ ಮುಂಚೆ ಪರಿಚಯದ ವಕೀಲರನ್ನು ಒಮ್ಮೆ ಕೇಳಿ.

ಅವ್ವನಿಗೆ ಬೇರೆಯವರ ಫೋನಿನಿಂದ ಗೊತ್ತಾಗುವ ಮುಂಚೆ ನೀವೇ ಹೇಳಿ. ಬರ್ಲೆಸ್ಕ್ ಅಂದರೇನು ಎಂದು ವಿವರಿಸುತ್ತಾ ಕೂರಬೇಡಿ. ಆಕೆಯನ್ನು ಕನ್ಯಾ ನೋಡಲು ಬಂದ ದಿನ ಏನೇನಾಯಿತು ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ನಿಮ್ಮ ಐಟಂಗೆ ಬೇಕಾದ ಅರ್ಧ ಸಾಮಗ್ರಿ ಅಲ್ಲೇ ಸಿಗುತ್ತದೆ. ತಾಟು ಹಿಡಿಯುವುದು ಹೇಗೆ ಎಂದು ಆಕೆಯೇ ತಿದ್ದಿಕೊಟ್ಟರೂ ಕೊಟ್ಟಾರು.

ನಿಮ್ಮ,
ಸಂಪಾದಕಿ