ಹಳೇ ಸ್ಕ್ರಿಪ್ಟನ್ನ ಪೈಥಾನ್‌ಗೆ ತಂದೆ, ಲೆಕ್ಕ ಯಾಕೆ ತಪ್ಪುತ್ತಿದೆ?

ಪ್ರಶ್ನೆ: ಸರ್, ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕಪತ್ರದ ಜೊತೆಗೆ ಕಂಪ್ಯೂಟರ್‌ಗಳನ್ನೂ ನಾನೇ ನೋಡಿಕೊಳ್ಳುತ್ತೇನೆ. ಒಟ್ಟು ಒಂಬತ್ತು ಮಷೀನ್. ಹಿಂದೆ ಇದ್ದವರು ಬರೆದಿಟ್ಟ ವಿಬಿಸ್ಕ್ರಿಪ್ಟ್ (ವಿಂಡೋಸ್‌ನ ಹಳೇ ಸ್ಕ್ರಿಪ್ಟ್ ಭಾಷೆ) ಒಂದಿದೆ. ದಿನಾ ಬೆಳಿಗ್ಗೆ ರ‍್ಯಾಮ್ ಎಷ್ಟು, ಡಿಸ್ಕ್‌ನಲ್ಲಿ ಖಾಲಿ ಎಷ್ಟು, ಮಷೀನ್ ಯಾವಾಗ ಬೂಟ್ ಆಯ್ತು ಅಂತ ಬರೆದಿಡುತ್ತದೆ. ವಿಬಿಸ್ಕ್ರಿಪ್ಟ್ ನಿಂತುಹೋಗುತ್ತೆ ಅಂತ ಕೇಳಿ ಸಾಲಿಗೆ ಸಾಲು ಪೈಥಾನ್‌ಗೆ ಬದಲಾಯಿಸಿದೆ. ಒಟ್ಟು ರ‍್ಯಾಮ್ 7.9 ಜಿಬಿ ಅಂತ ಸರಿಯಾಗಿ ಬರುತ್ತೆ, ಖಾಲಿ ರ‍್ಯಾಮ್ ಮಾತ್ರ 0.003 ಅನ್ನುತ್ತೆ. ಎರಡು ಡ್ರೈವ್‌ಗಳ ಖಾಲಿ ಜಾಗ ಕೂಡಿಸಿದರೆ 23 ಅಂಕಿಯ ಸಂಖ್ಯೆ ಬರುತ್ತೆ. ಸಿಡಿ ಡ್ರೈವ್ ಇರೋ ಹಳೇ ಮಷೀನಲ್ಲಂತೂ ಎರರ್ ಕೊಟ್ಟು ನಿಂತೇಬಿಡುತ್ತೆ. ಎಲ್ಲಿ ತಪ್ಪಿದೆ?

ಉತ್ತರ: ನೀವು ಕೇಳಿದ್ದು ನಿಜ. ವಿಬಿಸ್ಕ್ರಿಪ್ಟನ್ನು ಕೈಬಿಡುತ್ತೇವೆ ಅಂತ ಮೈಕ್ರೋಸಾಫ್ಟ್ 2023ರ ಅಕ್ಟೋಬರ್‌ನಲ್ಲೇ ಹೇಳಿದೆ. ಈಗಲೇ ಬದಲಾಯಿಸಲು ಹೊರಟಿದ್ದು ಒಳ್ಳೆಯದಾಯಿತು. ಆದರೆ ಸಾಲಿಗೆ ಸಾಲು ಬದಲಾಯಿಸಿದ್ದೇ ಇಲ್ಲಿ ತೊಂದರೆ. ಸಾಲು ಬದಲಾಯಿತು, ಆ ಸಾಲಿನಿಂದ ಬರುವ ಸಂಖ್ಯೆ ಏನು ಅನ್ನೋದನ್ನ ನೋಡಲೇ ಇಲ್ಲ.

ಮೊದಲು ರ‍್ಯಾಮ್. ನಿಮ್ಮ ಕಡೆ ಭತ್ತದ ರೇಟನ್ನ 75 ಕಿಲೋ ಚೀಲಕ್ಕೆ ಹೇಳುತ್ತಾರೆ, ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ ಇರುತ್ತದೆ. ಎರಡನ್ನೂ ಹಾಗೇ ಪಕ್ಕಪಕ್ಕ ಇಟ್ಟು ಕಳೆದರೆ ಏನಾಗುತ್ತೆ ಅಂತ ನಿಮಗೇ ಚೆನ್ನಾಗಿ ಗೊತ್ತು, ಅಲ್ವಾ? ಇಲ್ಲೂ ಅದೇ ಆಗಿದೆ. ವಿಂಡೋಸ್ ಈ ಮಾಹಿತಿಯನ್ನ ಡಬ್ಲ್ಯುಎಂಐ ಅನ್ನೋ ತನ್ನದೇ ಒಳಗಿನ ವ್ಯವಸ್ಥೆಯ ಮೂಲಕ ಕೊಡುತ್ತದೆ. ಅದರಲ್ಲಿ ಕಂಪ್ಯೂಟರ್ ಸಿಸ್ಟಮ್ ಅನ್ನೋ ಕಡೆ ಸಿಗುವ ಒಟ್ಟು ರ‍್ಯಾಮ್ ಬೈಟ್‌ನಲ್ಲಿ ಇರುತ್ತದೆ. ಆಪರೇಟಿಂಗ್ ಸಿಸ್ಟಮ್ ಅನ್ನೋ ಕಡೆ ಸಿಗುವ ಖಾಲಿ ರ‍್ಯಾಮ್ ಕಿಲೋಬೈಟ್‌ನಲ್ಲಿ ಇರುತ್ತದೆ. ಹಳೇ ಸ್ಕ್ರಿಪ್ಟ್ ತೆಗೆದು ನೋಡಿ, ಒಂದನ್ನ ಮೂರು ಸಲ 1024ರಿಂದ ಭಾಗಿಸಿದ್ದರೆ ಇನ್ನೊಂದನ್ನ ಎರಡೇ ಸಲ ಭಾಗಿಸಿರುತ್ತಾರೆ. ನೀವು ಪೈಥಾನ್‌ನಲ್ಲಿ ಒಂದೇ ಫಂಕ್ಷನ್ ಮಾಡಿ ಎರಡನ್ನೂ ಅದರಲ್ಲೇ ಹಾಕಿದ್ದೀರಿ ಅನ್ನಿಸುತ್ತೆ. 3 ಜಿಬಿ ಖಾಲಿ ಇದ್ದರೆ ಬರುವ ಸಂಖ್ಯೆ 31,45,728. ಅದನ್ನ ಮೂರು ಸಲ ಭಾಗಿಸಿದರೆ 0.003 ಬಿಟ್ಟು ಬೇರೇನು ಬರೋದಿಲ್ಲ.

23 ಅಂಕಿಯ ವಿಷಯ ಇದಕ್ಕಿಂತ ಸೂಕ್ಷ್ಮ. ವಿಬಿಸ್ಕ್ರಿಪ್ಟ್‌ಗೆ ಅಷ್ಟು ದೊಡ್ಡ ಪೂರ್ಣಾಂಕ ಹಿಡಿಯೋಕೆ ಆಗಲ್ಲ, ಅದಕ್ಕೇ ಡಬ್ಲ್ಯುಎಂಐ ಇಂಥ ಸಂಖ್ಯೆಗಳನ್ನ ಸ್ಕ್ರಿಪ್ಟ್‌ಗಳಿಗೆ ಅಕ್ಷರಗಳ ಸಾಲಾಗಿ, ಅಂದರೆ ಸ್ಟ್ರಿಂಗ್ ಆಗಿ ಕೊಡುತ್ತದೆ. ಪೈಥಾನ್‌ನಿಂದ ಅದೇ ದಾರಿಯಲ್ಲಿ ಕೇಳಿದರೂ ಸ್ಟ್ರಿಂಗೇ ಬರುತ್ತದೆ. 100 ಜಿಬಿ ಅಂದರೆ 12 ಅಂಕಿ, 50 ಜಿಬಿ ಅಂದರೆ 11 ಅಂಕಿ. ನೀವು + ಹಾಕಿದಾಗ ಪೈಥಾನ್ ಕೂಡಿಸಲಿಲ್ಲ, ಒಂದರ ಬಾಲಕ್ಕೆ ಇನ್ನೊಂದನ್ನ ಅಂಟಿಸಿತು. ಹಳೆಯದರಲ್ಲಿ ಸೊನ್ನೆಯಿಂದ ಶುರು ಮಾಡಿ ಕೂಡಿಸಿದ್ದರು ಅಂತ ಕಾಣುತ್ತೆ. ಒಂದು ಕಡೆ ನಿಜವಾದ ಸಂಖ್ಯೆ ಇದ್ದರೆ ವಿಬಿಸ್ಕ್ರಿಪ್ಟ್ ತಾನಾಗಿಯೇ ಇನ್ನೊಂದನ್ನೂ ಸಂಖ್ಯೆ ಮಾಡಿಕೊಳ್ಳುತ್ತೆ. ಪೈಥಾನ್ ಹಾಗೆ ಮಾಡಲ್ಲ. ಮಾಹಿತಿ ಕೈಗೆ ಬಂದ ತಕ್ಷಣ ಪೂರ್ಣಾಂಕ ಮಾಡಿಕೊಳ್ಳಿ, ಆಮೇಲೆ ಉಳಿದ ಲೆಕ್ಕ.

ಸಿಡಿ ಡ್ರೈವ್ ಇರೋ ಮಷೀನಲ್ಲಿ ಸ್ಕ್ರಿಪ್ಟ್ ನಿಂತಿದ್ದು ನನಗೆ ಒಳ್ಳೆಯ ಸುದ್ದಿ ಅನ್ನಿಸಿತು. ಡಿಸ್ಕ್ ಹಾಕದ ಸಿಡಿ ಡ್ರೈವ್‌ಗೆ ಖಾಲಿ ಜಾಗ ಅನ್ನೋ ಉತ್ತರವೇ ಇಲ್ಲ. ಸೊನ್ನೆಯೂ ಅಲ್ಲ, ಏನೂ ಇಲ್ಲ. ವಿಬಿಸ್ಕ್ರಿಪ್ಟ್ ಅದನ್ನ ಸುಮ್ನೆ ಖಾಲಿ ಬಿಡುತ್ತೆ. ವಿಂಡೋಸ್‌ನದೇ ಇನ್ನೊಂದು ಸ್ಕ್ರಿಪ್ಟ್ ಭಾಷೆ ಪವರ್‌ಶೆಲ್ ಆಗಿದ್ದರೆ ಭಾಗಿಸಿ ಸೊನ್ನೆ ತೋರಿಸುತ್ತಿತ್ತು, ನೀವು ಡಿಸ್ಕ್ ತುಂಬಿಹೋಗಿದೆ ಅಂತ ಗಾಬರಿ ಆಗುತ್ತಿದ್ದಿರಿ. ಪೈಥಾನ್ ಮಾತ್ರ ಇದರಲ್ಲಿ ಲೆಕ್ಕ ಮಾಡೋಕೆ ಆಗಲ್ಲ ಅಂತ ಬಾಯಿಬಿಟ್ಟು ಹೇಳಿತು. ಡ್ರೈವ್ ಟೈಪ್ 3 ಇರುವುದನ್ನ, ಅಂದರೆ ಹಾರ್ಡ್ ಡಿಸ್ಕ್‌ಗಳನ್ನ ಮಾತ್ರ ಕೇಳಿ, ಸರಿಹೋಗುತ್ತೆ. ಹಳೇ ಸ್ಕ್ರಿಪ್ಟ್‌ನ ಮೊದಲ ಸಾಲಲ್ಲಿ 'ಆನ್ ಎರರ್ ರೆಸ್ಯೂಮ್ ನೆಕ್ಸ್ಟ್' ಅಂತ ಇದ್ದರೆ ದಯವಿಟ್ಟು ಅದನ್ನ ಪೈಥಾನ್‌ಗೆ ತರಬೇಡಿ. ಎಲ್ಲ ತಪ್ಪನ್ನೂ ನುಂಗಿ ಮುಂದೆ ಹೋಗು ಅಂತ ಅದರ ಅರ್ಥ. ಅಂಥ ಸ್ಕ್ರಿಪ್ಟ್ ವರ್ಷಗಟ್ಟಲೆ ತಪ್ಪು ಲೆಕ್ಕ ಬರೆದಿಟ್ಟರೂ ಯಾರಿಗೂ ತಿಳಿಯಲ್ಲ.

ಬೂಟ್ ಸಮಯದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಅದು 20250610091530.500000+330 ಅನ್ನೋ ಥರ ಬರುತ್ತದೆ. ಮೊದಲ 14 ಅಂಕಿ ದಿನಾಂಕ ಮತ್ತು ಸಮಯ. ಕೊನೆಯ +330 ನಮ್ಮ ಐದೂವರೆ ಗಂಟೆ, ನಿಮಿಷದಲ್ಲಿ. ಸಮಯ ಆಗಲೇ ನಮ್ಮ ಗಡಿಯಾರದ್ದೇ ಆಗಿರುತ್ತೆ, ಇನ್ನೊಂದು ಸಲ ಐದೂವರೆ ಗಂಟೆ ಕೂಡಿಸಬೇಡಿ. ಇನ್ನೂ ಒಂದು. ದಿನಾ ಸಂಜೆ ಮಷೀನ್ ಆಫ್ ಮಾಡಿದರೂ ಎಂಟು ದಿನದ ಹಿಂದಿನ ಬೂಟ್ ತೋರಿಸಬಹುದು. ವಿಂಡೋಸ್ 10, 11ರಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ಕರ್ನಲ್, ಅಂದರೆ ವಿಂಡೋಸ್‌ನ ಒಳಗಿನ ತಿರುಳು, ಪೂರ್ತಿ ಮುಚ್ಚುವುದಿಲ್ಲ. ರೀಸ್ಟಾರ್ಟ್ ಮಾಡಿದರೆ ಮಾತ್ರ ಹೊಸ ಸಮಯ ಬರುತ್ತೆ. ಅದು ನಿಮ್ಮ ಕೋಡಿನ ತಪ್ಪಲ್ಲ.

ಹಳೆಯದನ್ನ ಈಗಲೇ ಅಳಿಸಬೇಡಿ. ಒಂದು ವಾರ ಎರಡನ್ನೂ ಒಂದೇ ಮಷೀನಲ್ಲಿ ಓಡಿಸಿ, ಟಾಸ್ಕ್ ಮ್ಯಾನೇಜರ್ ಜೊತೆ ಹೋಲಿಸಿ.

ಪ್ರಶ್ನೆ: ಬಳ್ಳಾರಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಬೇಸಿಗೆಯಲ್ಲಿ ಮಷೀನ್ ಬಿಸಿಯಾಗಿ ಆಫ್ ಆಗುತ್ತೆ. ಲಿನಕ್ಸ್‌ನಲ್ಲಿ ಟೆಂಪರೇಚರ್ ಓದುವ ಪೈಥಾನ್ ಸ್ಕ್ರಿಪ್ಟ್ ಇತ್ತು, ವಿಂಡೋಸ್ ಮಷೀನ್‌ಗೆ ಅಂತ ಪವರ್‌ಶೆಲ್‌ಗೆ ಬದಲಾಯಿಸಿದೆ. 3.132 ಡಿಗ್ರಿ ಅಂತ ತೋರಿಸುತ್ತೆ. 80 ದಾಟಿದರೆ ಸೌಂಡ್ ಮಾಡು ಅಂತ ಬರೆದರೆ ಫೋಲ್ಡರ್‌ನಲ್ಲಿ 80 ಅನ್ನೋ ಹೆಸರಿನ ಫೈಲ್ ಬರ್ತಿದೆ.

ಉತ್ತರ: ಆ ಫೈಲಿನ ವಿಷಯ ಮೊದಲು, ಯಾಕಂದರೆ ಅಪಾಯ ಅಲ್ಲೇ ಇದೆ. ಪವರ್‌ಶೆಲ್‌ನಲ್ಲಿ > ಅಂದರೆ 'ಜಾಸ್ತಿ' ಅಂತ ಅರ್ಥ ಅಲ್ಲ, 'ಫೈಲಿಗೆ ಬರೆ' ಅಂತ. ಹೋಲಿಸೋಕೆ ಮೈನಸ್ ಜಿಟಿ (-gt) ಬಳಸಬೇಕು. ಈಗ ಇರೋ ಹಾಗೆ ಬಿಟ್ಟರೆ ಮಷೀನ್ ಎಷ್ಟೇ ಬಿಸಿಯಾದರೂ ಸೌಂಡ್ ಬರೋದೇ ಇಲ್ಲ.

ಇನ್ನು ಟೆಂಪರೇಚರ್. ಲಿನಕ್ಸ್ ಒಂದು ಡಿಗ್ರಿ ಸೆಲ್ಸಿಯಸ್‌ನ ಸಾವಿರನೇ ಒಂದು ಭಾಗದಲ್ಲಿ ಕೊಡುತ್ತೆ, 47000 ಅಂದರೆ 47 ಡಿಗ್ರಿ. ಡಬ್ಲ್ಯುಎಂಐ ಕೆಲ್ವಿನ್‌ನ ಹತ್ತನೇ ಒಂದು ಭಾಗದಲ್ಲಿ ಕೊಡುತ್ತೆ. ನೀವು ಲಿನಕ್ಸ್‌ನ ಹಾಗೇ 1000ರಿಂದ ಭಾಗಿಸಿದ್ದೀರಿ ಅನ್ನಿಸುತ್ತೆ. ನಿಮಗೆ ಬಂದ 3132ನ್ನು 10ರಿಂದ ಭಾಗಿಸಿ 273.15 ಕಳೆಯಿರಿ, 40.05 ಡಿಗ್ರಿ ಆಯ್ತು. ಆದರೆ ಆ ಸಂಖ್ಯೆಯನ್ನ ಪೂರ್ತಿ ನಂಬಬೇಡಿ. ಅದು ಪ್ರೊಸೆಸರ್‌ನದ್ದೇ ಬಿಸಿ ಅಂತ ಹೇಳೋಕಾಗಲ್ಲ, ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಇಡೀ ದಿನ ಬದಲಾಗದೆ ಒಂದೇ ಸಂಖ್ಯೆ ಇರುತ್ತೆ, ಕೆಲವದರಲ್ಲಿ ಬರೋದೇ ಇಲ್ಲ. ಸ್ಕ್ರಿಪ್ಟ್ ಸರಿಯಾಗುವವರೆಗೆ ಕಾಯಬೇಡಿ, ಈ ವಾರವೇ ಫ್ಯಾನ್ ಮೇಲಿನ ಧೂಳು ತೆಗೆಸಿ.

ಪ್ರಶ್ನೆ: ರಾಯಚೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಲಿನಕ್ಸ್‌ನ ಶೆಲ್ ಸ್ಕ್ರಿಪ್ಟ್ ಒಂದನ್ನ ಪೈಥಾನ್‌ಗೆ ತಂದೆ. ಹಳೆಯದು 5 ಜಿಬಿ ಮೆಮೊರಿ ಇದೆ ಅಂದರೆ ನನ್ನದು 400 ಎಂಬಿ ಅನ್ನುತ್ತೆ.

ಉತ್ತರ: ನೀವು ಲಿನಕ್ಸ್ ಮೆಮೊರಿಯ ಲೆಕ್ಕ ಕೊಡುವ ಮೆಮ್‌ಇನ್ಫೋ ಫೈಲಿನಲ್ಲಿ 'ಮೆಮ್‌ಫ್ರೀ' ಸಾಲು ಓದಿದ್ದೀರಿ ಅನ್ನಿಸುತ್ತೆ. ಅದು ಯಾರೂ ಮುಟ್ಟದೆ ಬಿದ್ದಿರುವ ಮೆಮೊರಿ ಮಾತ್ರ. ಲಿನಕ್ಸ್ ಉಳಿದಿದ್ದನ್ನ ಫೈಲ್‌ಗಳ ಕ್ಯಾಶ್‌ಗೆ ಬಳಸಿಕೊಂಡು, ಬೇಕಾದಾಗ ಬಿಟ್ಟುಕೊಡುತ್ತೆ. ನಿಮಗೆ ಬೇಕಾಗಿರುವುದು 'ಮೆಮ್‌ಅವೈಲಬಲ್' ಸಾಲು, ಕರ್ನಲ್ 3.14ರಿಂದ ಈಚೆಗೆ ಇದೆ. ಆ ಸಾಲಿನ ಕೊನೆಯಲ್ಲಿ ಕಿಲೋಬೈಟ್ ಅಂತ ಬರೆದಿದ್ದರೂ ಒಂದಕ್ಕೆ 1024 ಬೈಟ್ ಅಂತಲೇ ಲೆಕ್ಕ ಹಿಡಿಯಿರಿ, 1000 ಅಲ್ಲ.